ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ: ವೆರಿಕೋಸಿಲ್ ಆಪರೇಷನ್ ಹೇಗೆ ನಡೆಯುತ್ತದೆ?

ಸೇನಾ ಭರ್ತಿ ರ್‍ಯಾಲಿಯಲ್ಲಿ 1.6 ಕಿಲೋಮೀಟರ್ ಓಟ ಪಾಸಾದ ಹುಡುಗ ಮೆಡಿಕಲ್‌ಗೆ ಹೋಗುತ್ತಾನೆ. ಡಾಕ್ಟರು ನಿಲ್ಲಿಸಿ, ಮುಟ್ಟಿ ನೋಡಿ, ಜೋರಾಗಿ ಕೆಮ್ಮಲು ಹೇಳುತ್ತಾರೆ. ಕೊನೆಗೆ ಕೈಗೆ ಬಂದ ಕಾಗದದಲ್ಲಿ ಅವನು ಹಿಂದೆಂದೂ ಕೇಳಿರದ ಒಂದು ಪದ: ವೆರಿಕೋಸಿಲ್. ಇನ್ನೊಂದು ಕಡೆ, ಮದುವೆಯಾಗಿ ಎರಡು ಮೂರು ವರ್ಷವಾದರೂ ಮಕ್ಕಳಾಗಲಿಲ್ಲ ಅಂತ ತೋರಿಸಿಕೊಳ್ಳಲು ಹೋದ ದಂಪತಿಯ ಫೈಲಿನಲ್ಲಿ, ಗಂಡನ ಸ್ಕ್ಯಾನ್ ರಿಪೋರ್ಟಿನಲ್ಲೂ ಅದೇ ಪದ. ಆಪರೇಷನ್ ಬೇಕು ಅಂತ ತೀರ್ಮಾನವಾದರೆ ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ಮಾತು ಕೇಳಿಸುತ್ತದೆ: "ಸಣ್ಣ ಆಪರೇಷನ್. ಆ ಜಾಗಕ್ಕಷ್ಟೇ ಇಂಜೆಕ್ಷನ್ ಕೊಟ್ಟು ಮಾಡ್ತೀವಿ. ಸಂಜೆಗೆ ಮನೆಗೆ ಹೋಗಬಹುದು."

ಮನೆಗೆ ಬಂದ ಮೇಲೆ ಪ್ರಶ್ನೆಗಳು ಶುರು. ಆದರೆ ಯಾರನ್ನು ಕೇಳುವುದು? ಜಾಗವೇ ಅಂಥದ್ದು. ಅಪ್ಪನ ಹತ್ತಿರ ಹೇಳಲು ಮುಜುಗರ. ಗೆಳೆಯರಿಗೆ ಹೇಳಿದರೆ ಆಡಿಕೊಳ್ಳುತ್ತಾರೇನೋ ಅನ್ನುವ ಭಯ. ಹಾಗಾಗಿ ಬುಡದಿಂದಲೇ ನೋಡೋಣ.

## ಊದಿರುವುದು ಯಾವ ನರ?

ಮೊದಲು ಮಾತಿನ ಗೊಂದಲ ಒಂದನ್ನು ಬಿಡಿಸಿಕೊಳ್ಳಬೇಕು. ಕಾಲಿನ ಮೇಲೆ ನೀಲಿ ಗೆರೆ ಉಬ್ಬಿದರೆ "ನರ ಉಬ್ಬಿದೆ" ಅಂತೀವಿ. ಕೈ ಜುಮ್ ಅಂದರೆ "ನರ ಹಿಡಿದಿದೆ" ಅಂತಲೂ ಅಂತೀವಿ. ಮೊದಲನೆಯದು ರಕ್ತನಾಳ, ಎರಡನೆಯದು ನಿಜವಾದ ನರ. "ಬೀಜದ ನರ ಊದಿದೆ" ಅಂತ ಯಾರಾದರೂ ಹೇಳಿದರೆ ಅದು ರಕ್ತನಾಳದ ಮಾತು. ನರದೌರ್ಬಲ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಲೈಂಗಿಕ ಶಕ್ತಿ ಹೋಯಿತು ಅಂತಲೂ ಅರ್ಥವಲ್ಲ.

ಹೃದಯದಿಂದ ವೃಷಣಕ್ಕೆ ರಕ್ತ ತರುವ ನಾಳ ಅಪಧಮನಿ. ಕೆಲಸ ಮುಗಿಸಿದ ರಕ್ತವನ್ನು ಮೇಲಕ್ಕೆ ವಾಪಸ್ ಒಯ್ಯುವುದು ಅಭಿಧಮನಿ. ವೃಷಣದ ಹತ್ತಿರ ಈ ಅಭಿಧಮನಿಗಳು ಒಂದೆರಡಲ್ಲ. ಬಳ್ಳಿಯ ಕುಡಿಗಳು ಹೆಣೆದುಕೊಂಡ ಹಾಗೆ ಒಂದು ಜಾಲವೇ ಇದೆ. ಮೇಲೆ ಹೋಗುತ್ತಾ ಅವೆಲ್ಲ ಕೂಡಿಕೊಂಡು ಒಂದು ನಾಳವಾಗುತ್ತವೆ.

ತೋಟಕ್ಕೆ ಪಂಪ್‌ಸೆಟ್ ಇಟ್ಟವರಿಗೆ ಮುಂದಿನದು ಥಟ್ಟನೆ ಅರ್ಥವಾಗುತ್ತದೆ. ಬಾವಿಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದೆ, ಅಲ್ವಾ? ಮೋಟಾರ್ ನಿಂತಾಗ ಪೈಪಿನ ನೀರು ಕೆಳಗೆ ಜಾರದಂತೆ ಅದು ತಡೆಯುತ್ತದೆ. ಅದು ಕೆಟ್ಟರೆ ನೀರೆಲ್ಲ ವಾಪಸ್ ಬಾವಿಗೆ. ಅಭಿಧಮನಿಯ ಒಳಗೂ ಅಂಥ ಪುಟ್ಟ ಕವಾಟಗಳಿವೆ. ಅವು ಸರಿಯಾಗಿ ಮುಚ್ಚದಿದ್ದರೆ, ಅಥವಾ ಹುಟ್ಟಿನಿಂದಲೇ ಇಲ್ಲದಿದ್ದರೆ, ಮೇಲೆ ಹೋಗಬೇಕಾದ ರಕ್ತ ಕೆಳಗೆ ಇಳಿದು ನಿಲ್ಲುತ್ತದೆ. ನಾಳಗಳು ಹಿಗ್ಗಿ ಸುರುಳಿ ಸುತ್ತಿಕೊಳ್ಳುತ್ತವೆ. ಇದೇ ವೆರಿಕೋಸಿಲ್. ಮುಟ್ಟಿದರೆ ಚೀಲದೊಳಗೆ ಒತ್ತು ಶಾವಿಗೆಯ ಸಣ್ಣ ಗಂಟೊಂದು ಬೆರಳಿಗೆ ಸಿಕ್ಕ ಹಾಗಿರುತ್ತದೆ. ಮಲಗಿದರೆ ನಿಂತ ರಕ್ತ ಹರಿದುಹೋಗಿ ಆ ಗಂಟು ಕಾಣೆಯಾಗುತ್ತದೆ. ಎದ್ದು ನಿಂತರೆ ಮತ್ತೆ ಹಾಜರು.

## ಎಡಗಡೆಗೇ ಯಾಕೆ ಜಾಸ್ತಿ?

ವೆರಿಕೋಸಿಲ್ ಇರುವ 10 ಜನರಲ್ಲಿ ಹೆಚ್ಚುಕಮ್ಮಿ 9 ಜನರಿಗೆ ಅದು ಎಡಗಡೆಯೇ. ಇದರ ಕಾರಣ ಹುಡುಕಿಕೊಂಡು ಹೋದರೆ ತಾಯಿಯ ಹೊಟ್ಟೆಯವರೆಗೂ ಹೋಗಬೇಕು.

ಗರ್ಭದಲ್ಲಿ ವೃಷಣಗಳು ಹುಟ್ಟುವುದು ಕೆಳಗೆ ಚೀಲದಲ್ಲಲ್ಲ, ಮೇಲೆ ಮೂತ್ರಪಿಂಡದ ಪಕ್ಕದಲ್ಲಿ. ಹೆರಿಗೆಯ ಹೊತ್ತಿಗೆ ಅವು ಮೆಲ್ಲಗೆ ಇಳಿದು ಚೀಲ ಸೇರುತ್ತವೆ. ಇಳಿಯುವಾಗ ತಮ್ಮ ರಕ್ತನಾಳ, ನರಗಳನ್ನು ಎಳೆದುಕೊಂಡೇ ಬರುತ್ತವೆ. ಊರು ಬಿಟ್ಟು ಬಂದರೂ ಹಳೆಯ ಮನೆಯ ನಂಟು ಹಾಗೇ ಉಳಿದಿರುತ್ತದೆ. ಅದಕ್ಕೇ ವೃಷಣದ ಅಭಿಧಮನಿ ಅಷ್ಟು ಉದ್ದ. ಚೀಲದಿಂದ ಹೊರಟು ಹೊಟ್ಟೆಯ ಹಿಂಭಾಗದಲ್ಲಿ ಮೂತ್ರಪಿಂಡದ ಮಟ್ಟದವರೆಗೂ ಏರಬೇಕು.

ಬಲಗಡೆಯ ನಾಳ ದೊಡ್ಡ ಮಹಾಭಿಧಮನಿಗೆ ಓರೆಯಾಗಿ ಸೇರುತ್ತದೆ. ಸರ್ವಿಸ್ ರಸ್ತೆಯಿಂದ ಹೈವೇಗೆ ಜಾರಿದ ಹಾಗೆ, ಸಲೀಸು. ಎಡಗಡೆಯದು ಇನ್ನೂ ಮೇಲೆ ಹೋಗಿ ಎಡ ಮೂತ್ರಪಿಂಡದ ಅಭಿಧಮನಿಗೆ ನೆಟ್ಟಗೆ, ಟಿ ಆಕಾರದಲ್ಲಿ ಸೇರುತ್ತದೆ. ಏರುವ ದೂರವೂ ಜಾಸ್ತಿ, ತಿರುವೂ ಕಷ್ಟ. ಜೊತೆಗೆ ಆ ಮೂತ್ರಪಿಂಡದ ಅಭಿಧಮನಿ ಎರಡು ದೊಡ್ಡ ಅಪಧಮನಿಗಳ ನಡುವೆ ನುಸುಳಿಕೊಂಡು ಹೋಗುತ್ತದೆ. ಕೆಲವರಲ್ಲಿ ಅಲ್ಲಿ ಒತ್ತಡ ಬಿದ್ದು ರಕ್ತ ಹಿಂದಕ್ಕೆ ತಳ್ಳಿಕೊಳ್ಳುತ್ತದೆ.

ಈ ನಂಟಿನಿಂದಲೇ ಒಂದು ಎಚ್ಚರಿಕೆಯೂ ಹುಟ್ಟುತ್ತದೆ. ನಡುವಯಸ್ಸು ದಾಟಿದವರಲ್ಲಿ ವೆರಿಕೋಸಿಲ್ ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ, ಬಲಗಡೆ ಮಾತ್ರ ಬಂದರೆ, ಅಥವಾ ಮಲಗಿದರೂ ಇಳಿಯದಿದ್ದರೆ ಡಾಕ್ಟರು ಹೊಟ್ಟೆಯ ಸ್ಕ್ಯಾನ್ ಬರೆಯುತ್ತಾರೆ. ಮೂತ್ರಪಿಂಡದ ಗಡ್ಡೆಯಂಥದ್ದು ಮೇಲೆ ದಾರಿ ಕಟ್ಟಿದೆಯೇ ಅಂತ ನೋಡಲು. ಹಾಗೆ ಬರೆದುಕೊಟ್ಟರೆ ದಯವಿಟ್ಟು ಮಾಡಿಸಿ, ಸುಮ್ನೆ ಖರ್ಚು ಅಂದುಕೊಳ್ಳಬೇಡಿ.

## ರಕ್ತ ನಿಂತರೆ ವೀರ್ಯಕ್ಕೇನು ತೊಂದರೆ?

ವೀರ್ಯಾಣು ತಯಾರಾಗಲು ದೇಹದ ಬಿಸಿಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಶಾಖ ಬೇಕು. ವೃಷಣಗಳು ದೇಹದ ಹೊರಗೆ ಜೋತುಬಿದ್ದಿರುವುದೇ ಅದಕ್ಕೆ. ಅಷ್ಟೇ ಅಲ್ಲ, ಅಲ್ಲೊಂದು ತಂಪಾಗಿಸುವ ಏರ್ಪಾಡೂ ಇದೆ. ಮಗುವಿಗೆ ಕೊಡುವ ಬಿಸಿ ಹಾಲಿನ ಲೋಟವನ್ನು ತಣ್ಣೀರಿನ ಬಟ್ಟಲಲ್ಲಿಟ್ಟು ಆರಿಸುತ್ತೇವಲ್ಲ, ಹಾಗೆ. ಮೇಲಿಂದ ಬರುವ ಬಿಸಿ ರಕ್ತದ ಅಪಧಮನಿಯನ್ನು ತಣ್ಣಗಿರುವ ಅಭಿಧಮನಿಗಳ ಜಾಲ ಸುತ್ತುವರಿದಿರುತ್ತದೆ. ಬಟ್ಟಲಿನ ನೀರೇ ಬಿಸಿಯಾದರೆ ಹಾಲು ಆರುವುದಿಲ್ಲ. ವೆರಿಕೋಸಿಲ್‌ನಲ್ಲಿ ಆಗುವುದು ಅದೇ. ಹೊಟ್ಟೆಯ ಬೆಚ್ಚಗಿನ ರಕ್ತ ಕೆಳಗಿಳಿದು ಜಾಲದಲ್ಲಿ ನಿಂತುಬಿಡುತ್ತದೆ. ಇದರಿಂದ ಕೆಲವರಲ್ಲಿ ವೀರ್ಯಾಣುಗಳ ಸಂಖ್ಯೆ, ಓಡಾಟ, ಆಕಾರ ಕೆಡುತ್ತವೆ. ವೃಷಣ ಸ್ವಲ್ಪ ಚಿಕ್ಕದಾಗುವುದೂ ಉಂಟು.

1950ರ ದಶಕದಲ್ಲಿ ಎಡಿನ್‌ಬರೋದ ಸರ್ಜನ್ ಟುಲ್ಲೋಕ್, ವೀರ್ಯದಲ್ಲಿ ವೀರ್ಯಾಣುವೇ ಇಲ್ಲದ ಒಬ್ಬರಿಗೆ ಎರಡೂ ಬದಿಯ ವೆರಿಕೋಸಿಲ್ ಆಪರೇಷನ್ ಮಾಡಿದರು. ಆಮೇಲೆ ವೀರ್ಯಾಣು ಕಾಣಿಸಿಕೊಂಡು, ಅವರ ಹೆಂಡತಿ ಗರ್ಭಿಣಿಯಾದರು. ಡಾಕ್ಟರುಗಳು ಇದನ್ನು ಗಂಭೀರವಾಗಿ ನೋಡಲು ಶುರು ಮಾಡಿದ್ದು ಅಲ್ಲಿಂದ.

## ಎಲ್ಲರಿಗೂ ಆಪರೇಷನ್ ಬೇಕಾ?

ಬೇಡ. ಇದನ್ನು ಒತ್ತಿ ಹೇಳಲೇಬೇಕು. 100 ಗಂಡಸರಲ್ಲಿ ಸುಮಾರು 15 ಜನರಿಗೆ ವೆರಿಕೋಸಿಲ್ ಇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಇಲ್ಲದೆ ಮಕ್ಕಳಾಗುತ್ತವೆ. ಇದೆ ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ.

ರಿಪೋರ್ಟಿನಲ್ಲಿ ಬರೆಯುವ ಗ್ರೇಡ್ ಸುಲಭ. ನಿಂತು, ಉಸಿರು ಕಟ್ಟಿ ಮುಕ್ಕಿದಾಗ ಮಾತ್ರ ಕೈಗೆ ಸಿಕ್ಕರೆ ಗ್ರೇಡ್ 1. ಮುಕ್ಕದೆ, ಸುಮ್ಮನೆ ನಿಂತಾಗಲೇ ಕೈಗೆ ಸಿಕ್ಕರೆ ಗ್ರೇಡ್ 2. ದೂರದಿಂದ ಕಣ್ಣಿಗೇ ಕಂಡರೆ ಗ್ರೇಡ್ 3. ಕೈಗೆ ಸಿಗದೆ, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಮಾತ್ರ ಕಂಡರೆ ಅದಕ್ಕೆ ಸಬ್‌ಕ್ಲಿನಿಕಲ್ ಅಂತಾರೆ. ಈ ಕೊನೆಯದಕ್ಕೆ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ಮಾಡಿದರೆ ಪ್ರಯೋಜನ ಕಂಡಿಲ್ಲ.

ಮಕ್ಕಳಾಗುತ್ತಿಲ್ಲ, ವೀರ್ಯ ಪರೀಕ್ಷೆ ಸರಿ ಬಂದಿಲ್ಲ, ವೆರಿಕೋಸಿಲ್ ಕೈಗೆ ಸಿಗುತ್ತಿದೆ. ಈ ಮೂರೂ ಸೇರಿದಾಗ ಆಪರೇಷನ್ ಮಾತು ಬರುತ್ತದೆ. ಹೆಂಡತಿಯ ಪರೀಕ್ಷೆಗಳೂ ಅಷ್ಟರಲ್ಲಿ ಆಗಿರಬೇಕು. ವೀರ್ಯ ಪರೀಕ್ಷೆಯನ್ನು ಒಂದೇ ಸಲ ಮಾಡಿ ತೀರ್ಮಾನಿಸುವುದಿಲ್ಲ, ಯಾಕೆಂದರೆ ಒಂದು ಜ್ವರ ಬಂದು ಹೋದರೂ ಅಂಕಿ ಏರುಪೇರಾಗುತ್ತದೆ. ನಿಂತು ನಿಂತು ಸಂಜೆಗೆ ಜಗ್ಗಿದಂತೆ ನೋವು ಬರುವವರಿಗೆ, ಬಿಗಿಯಾದ ಒಳಚಡ್ಡಿ ಮತ್ತು ಮಾತ್ರೆಯಿಂದ ನೋವು ಕಡಿಮೆಯಾಗದಿದ್ದರೆ ಆಪರೇಷನ್ ಯೋಚಿಸುತ್ತಾರೆ. ಹರೆಯದ ಹುಡುಗರಲ್ಲಿ ಆ ಬದಿಯ ವೃಷಣ ಬೆಳೆಯದೆ ಹಿಂದೆ ಬಿದ್ದರೆ ಕೂಡ. ಸೇನೆ, ಅರೆಸೇನಾ ಪಡೆ, ಪೊಲೀಸ್ ಕೆಲಸಕ್ಕೆ ಹೋಗುವವರದು ಬೇರೆ ಲೆಕ್ಕ. ಅಲ್ಲಿ ಆರೋಗ್ಯದ ಪ್ರಶ್ನೆಯ ಜೊತೆ ನೇಮಕಾತಿಯ ನಿಯಮದ ಪ್ರಶ್ನೆಯೂ ಇರುತ್ತದೆ. ಮರುಪರೀಕ್ಷೆಗೆ ಎಷ್ಟು ದಿನ ಕೊಟ್ಟಿದ್ದಾರೆ ಅನ್ನುವ ಕಾಗದವನ್ನು ಸರ್ಜನ್‌ಗೆ ಮೊದಲೇ ತೋರಿಸಿ. ಗಾಯ ಮಾಗಲು ಸಮಯ ಬೇಕಲ್ಲ.

## ಏನನ್ನು ಕಟ್ಟುತ್ತಾರೆ, ಏನನ್ನು ಬಿಡುತ್ತಾರೆ?

ವೃಷಣ ಒಂದು ಹುರಿಯಿಂದ ಜೋತುಬಿದ್ದಿರುತ್ತದೆ. ಆ ಹುರಿ ಸುಮಾರು ಕಿರುಬೆರಳಿನ ದಪ್ಪ. ಅದರೊಳಗೆ ಒಂದು ಇಡೀ ಸಂಸಾರವೇ ಇದೆ. ಹಿಗ್ಗಿದ ಅಭಿಧಮನಿಗಳು, ಸುಮಾರು 1 ಮಿಲಿಮೀಟರ್ ಅಗಲದ ಅಪಧಮನಿ, ಹೆಚ್ಚಾದ ನೀರನ್ನು ಹೊರಗೊಯ್ಯುವ ಕೂದಲೆಳೆಯಂಥ ದುಗ್ಧನಾಳಗಳು, ನರಗಳು, ವೀರ್ಯನಾಳ. ಸರ್ಜನ್ ಕೆಲಸ ಏನೆಂದರೆ ಹಿಗ್ಗಿದ ಅಭಿಧಮನಿಗಳನ್ನು ಒಂದೊಂದಾಗಿ ಬಿಡಿಸಿ, ಕಟ್ಟಿ, ಕತ್ತರಿಸುವುದು. ಉಳಿದವನ್ನೆಲ್ಲ ಹಾಗೇ ಬಿಡುವುದು.

ಅಪಧಮನಿಗೆ ಪೆಟ್ಟಾದರೆ ವೃಷಣಕ್ಕೆ ರಕ್ತ ಕಡಿಮೆಯಾಗಬಹುದು. ದುಗ್ಧನಾಳಗಳನ್ನೂ ಸೇರಿಸಿ ಕಟ್ಟಿಬಿಟ್ಟರೆ ನೀರು ಹೋಗಲು ದಾರಿಯಿಲ್ಲದೆ ಚೀಲದಲ್ಲಿ ತುಂಬಿಕೊಳ್ಳುತ್ತದೆ. ಅದೇ ಹೈಡ್ರೋಸಿಲ್. ಒಂದು ಸಣ್ಣ ಅಭಿಧಮನಿ ಕಣ್ತಪ್ಪಿ ಉಳಿದರೆ ನಾಳೆ ಅದೇ ಹಿಗ್ಗಿ ವೆರಿಕೋಸಿಲ್ ವಾಪಸ್ ಬರುತ್ತದೆ. ಬರಿಗಣ್ಣಿಗೆ ಇದನ್ನೆಲ್ಲ ಬೇರೆ ಮಾಡುವುದು ಕಷ್ಟ. ಅದಕ್ಕೇ ಸೂಕ್ಷ್ಮದರ್ಶಕ ಬಂತು. ಅಮೆರಿಕದಲ್ಲಿ 1985ರಲ್ಲಿ ಮಾರ್ಮರ್, 1992ರಲ್ಲಿ ಗೋಲ್ಡ್‌ಸ್ಟೈನ್ ಪ್ರಕಟಿಸಿದ ವಿಧಾನಗಳ ಮೇಲೆಯೇ ಇಂದಿನ ಮೈಕ್ರೋಸರ್ಜರಿ ನಿಂತಿದೆ. ಪಳಗಿದ ಕೈಯಲ್ಲಿ ಈ ವಿಧಾನದಿಂದ ಮರುಕಳಿಸುವುದು, ನೀರು ತುಂಬುವುದು ಎರಡೂ ತೀರಾ ಕಡಿಮೆ. ಹಾಗಾಗಿ "ಮೈಕ್ರೋಸ್ಕೋಪ್ ಬಳಸ್ತೀರಾ ಸಾರ್?" ಅಂತ ಕೇಳಲು ಸಂಕೋಚ ಬೇಡ. ಇದು ಕೇಳಲೇಬೇಕಾದ ಪ್ರಶ್ನೆ.

ಹಾಗಾದರೆ ಎಲ್ಲ ಅಭಿಧಮನಿ ಕಟ್ಟಿದ ಮೇಲೆ ರಕ್ತ ವಾಪಸ್ ಹೋಗುವುದೆಲ್ಲಿಂದ? ವೀರ್ಯನಾಳದ ಪಕ್ಕದಲ್ಲೇ ಬೇರೆ ಸಣ್ಣ ಅಭಿಧಮನಿಗಳಿವೆ. ಅವನ್ನು ಬೇಕೆಂದೇ ಉಳಿಸುತ್ತಾರೆ. ಕೆಟ್ಟ ರಸ್ತೆ ಮುಚ್ಚಿದಾಗ ಜನ ಒಳದಾರಿ ಹಿಡಿಯುವ ಹಾಗೆ ರಕ್ತ ಅವುಗಳಲ್ಲಿ ಹರಿಯುತ್ತದೆ.

ಇನ್ನೊಂದು ಭಯ ತುಂಬಾ ಜನರಲ್ಲಿದೆ, ಇದು ಸಂತಾನಹರಣ ಚಿಕಿತ್ಸೆಯೇನೋ ಅಂತ. ಅಲ್ಲ. ವ್ಯಾಸೆಕ್ಟಮಿಯಲ್ಲಿ ಕತ್ತರಿಸುವುದು ವೀರ್ಯನಾಳವನ್ನು. ಇಲ್ಲಿ ಅದನ್ನು ಕತ್ತರಿಸುವುದೇ ಇಲ್ಲ, ಪಕ್ಕಕ್ಕೆ ಸರಿಸಿ ಕಾಪಾಡುತ್ತಾರೆ.

## ಪ್ರಜ್ಞೆ ತಪ್ಪಿಸದೆ ಮಾಡಲು ಸಾಧ್ಯವಾಗುವುದು ಹೇಗೆ?

ಗುಟ್ಟು ಇರುವುದು ಎಲ್ಲಿ ಕೊಯ್ಯುತ್ತಾರೆ ಅನ್ನುವುದರಲ್ಲಿ. ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪ್ರೋಸ್ಕೋಪಿಯಲ್ಲಿ ಹೊಟ್ಟೆಗೆ ಗಾಳಿ ತುಂಬಬೇಕು. ಅದಕ್ಕೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆಯೇ ಬೇಕು. ಹಳೆಯ ತೆರೆದ ವಿಧಾನದಲ್ಲಿ ಹೊಟ್ಟೆಯ ಗೋಡೆಯ ಗಟ್ಟಿ ಪದರ ಸೀಳಬೇಕಿತ್ತು. ಈಗಿನ ವಿಧಾನದಲ್ಲಿ ತೊಡೆಸಂದಿನ ಸ್ವಲ್ಪ ಮೇಲೆ, ಹುರಿ ಹೊಟ್ಟೆಯಿಂದ ಹೊರಬರುವ ಬಾಗಿಲಿನ ಕೆಳಗೆ, 2ರಿಂದ 3 ಸೆಂಟಿಮೀಟರ್ ಕೊಯ್ತ ಸಾಕು. ಅಲ್ಲಿ ಹುರಿ ಚರ್ಮದ ಕೆಳಗೇ ಸಿಗುತ್ತದೆ. ಸ್ನಾಯು ಕತ್ತರಿಸುವ ಗೋಜಿಲ್ಲ. ಹೀಗೆ ಮರಗಟ್ಟಿಸಬೇಕಾದ ಜಾಗವೇ ಪುಟ್ಟದಾಯಿತು.

ಮರಗಟ್ಟಿಸುವ ಔಷಧಿ ನಿಮಗೆ ಪರಿಚಯದ್ದೇ. ಹಲ್ಲು ಕೀಳುವ ಮೊದಲು ವಸಡಿಗೆ ಚುಚ್ಚುವ ಲಿಗ್ನೋಕೇನ್. 1940ರ ದಶಕದಲ್ಲಿ ಸ್ವೀಡನ್ನಿನಲ್ಲಿ ತಯಾರಾಗಿ, ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ನೋವಿನ ಸುದ್ದಿ ಮೆದುಳಿಗೆ ಹೋಗುವುದು ನರದಲ್ಲಿ ಹರಿಯುವ ವಿದ್ಯುತ್ತಿನ ರೂಪದಲ್ಲಿ. ಸೋಡಿಯಂ ಕಣಗಳು ನರದೊಳಗೆ ನುಗ್ಗಿದಾಗ ಆ ವಿದ್ಯುತ್ತು ಹುಟ್ಟುತ್ತದೆ. ಅವು ನುಗ್ಗುವ ಸಣ್ಣ ಬಾಗಿಲುಗಳನ್ನು ಲಿಗ್ನೋಕೇನ್ ತಾತ್ಕಾಲಿಕವಾಗಿ ಮುಚ್ಚುತ್ತದೆ. ಲೈನ್‌ಮನ್ ಒಂದು ಬೀದಿಯ ಫ್ಯೂಸ್ ತೆಗೆದ ಹಾಗೆ: ಆ ಬೀದಿಗೆ ಕರೆಂಟಿಲ್ಲ, ಊರಿಗೆಲ್ಲ ಇದೆ. ಬೆನ್ನಿಗೆ ಕೊಡುವ ಇಂಜೆಕ್ಷನ್ ಅಂದರೆ ಅರ್ಧ ಊರು ಕತ್ತಲೆ. ಕಾಲುಗಳಿಗೆ ಶಕ್ತಿ ಬರಲು, ಮೂತ್ರ ಸರಾಗವಾಗಿ ಹೋಗಲು ಕೆಲವು ಗಂಟೆ ಕಾಯಬೇಕು. ಪೂರ್ತಿ ಅರಿವಳಿಕೆ ಅಂದರೆ ಸಬ್‌ಸ್ಟೇಷನ್ನೇ ಬಂದ್.

ಇಲ್ಲಿ ಎರಡು ಹಂತದಲ್ಲಿ ಚುಚ್ಚುತ್ತಾರೆ. ಮೊದಲು ಕೊಯ್ಯುವ ಜಾಗದ ಚರ್ಮಕ್ಕೆ. ಆಮೇಲೆ ಹುರಿಯ ಸುತ್ತ. ಹೆಚ್ಚು ಹೊತ್ತು ನೋವು ತಡೆಯಲು ಬುಪಿವಕೇನ್ ಅನ್ನುವ ಇನ್ನೊಂದು ಔಷಧಿಯನ್ನೂ ಸೇರಿಸುವುದುಂಟು. ಮೊದಲ ಚುಚ್ಚು ಇರುವೆ ಕಚ್ಚಿದ ಹಾಗೆ ಉರಿಯುತ್ತದೆ, ಕೆಲವು ನಿಮಿಷಕ್ಕೆ ಮರಗಟ್ಟುತ್ತದೆ.

ಪೂರ್ತಿ ಏನೂ ಗೊತ್ತಾಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಅದು ಅರ್ಧ ಸತ್ಯ. ಹಲ್ಲು ಕೀಳುವಾಗ ನೋವಾಗದಿದ್ದರೂ ಎಳೆದದ್ದು ಗೊತ್ತಾಗುತ್ತದಲ್ಲ, ಹಾಗೆ ಇಲ್ಲೂ ಮುಟ್ಟಿದ್ದು, ಒತ್ತಿದ್ದು ತಿಳಿಯುತ್ತದೆ. ಹುರಿಯನ್ನು ಮೆಲ್ಲಗೆ ಎತ್ತುವಾಗ ಹೊಕ್ಕುಳ ಸುತ್ತ, ಕೆಳಹೊಟ್ಟೆಯಲ್ಲಿ ಜಗ್ಗಿದಂತಾಗಬಹುದು, ಹೊಟ್ಟೆ ತೊಳಸಬಹುದು. ಕೊಯ್ಯುತ್ತಿರುವುದು ಕೆಳಗೆ, ಜಗ್ಗುವುದು ಹೊಟ್ಟೆಯಲ್ಲಿ! ಮೂತ್ರಪಿಂಡದ ಪಕ್ಕದ ಹಳೆಯ ಮನೆಯ ಮಾತು ನೆನಪಿದೆಯಲ್ಲ? ವೃಷಣದ ನರಗಳು ಇಂದಿಗೂ ಅಲ್ಲಿಂದಲೇ ಬರುತ್ತವೆ. ಹಾಗಾದಾಗ ಹಲ್ಲು ಕಚ್ಚಿ ತಡೆದುಕೊಳ್ಳಬೇಡಿ, ಡಾಕ್ಟರಿಗೆ ಹೇಳಿ. ಇನ್ನಷ್ಟು ಔಷಧಿ ಹಾಕುತ್ತಾರೆ.

ಆದರೆ ಎಷ್ಟು ಬೇಕಾದರೂ ಹಾಕಲು ಬರುವುದಿಲ್ಲ. ಬರೀ ಲಿಗ್ನೋಕೇನ್ ಆದರೆ ಒಂದು ಕೆಜಿ ತೂಕಕ್ಕೆ 4.5 ಮಿಲಿಗ್ರಾಂ ಮಿತಿ. 60 ಕೆಜಿಯವರಿಗೆ 270 ಮಿಲಿಗ್ರಾಂ. 1 ಪರ್ಸೆಂಟ್ ಔಷಧಿಯಾದರೆ 27 ಮಿಲಿಲೀಟರ್, 2 ಪರ್ಸೆಂಟ್ ಆದರೆ ಅದರ ಅರ್ಧ. ಆಪರೇಷನ್‌ಗೆ ಮೊದಲು ತೂಕ ನೋಡುವುದು ಇದಕ್ಕೂ ಸೇರಿಯೇ. ತುಟಿ ಜುಮ್ಮೆನ್ನುವುದು, ಬಾಯಲ್ಲಿ ಲೋಹದ ರುಚಿ, ಕಿವಿ ಗುಂಯ್‌ಗುಡುವುದು ಶುರುವಾದರೆ ತಕ್ಷಣ ಹೇಳಬೇಕು. ಔಷಧಿ ರಕ್ತದಲ್ಲಿ ಜಾಸ್ತಿಯಾಗಿರುವ ಸೂಚನೆ ಅದು. ಹಿಂದೆ ಹಲ್ಲಿನ ಇಂಜೆಕ್ಷನ್‌ಗೆ ಏನಾದರೂ ತೊಂದರೆಯಾಗಿದ್ದರೆ ಅದನ್ನು ಮೊದಲ ಭೇಟಿಯಲ್ಲೇ ತಿಳಿಸಿ.

ಎಲ್ಲರಿಗೂ ಈ ದಾರಿ ಒಗ್ಗುವುದಿಲ್ಲ. ಚಿಕ್ಕ ಹುಡುಗರು, ತುಂಬಾ ಹೆದರುವವರು, ಮೈ ತೀರಾ ದಪ್ಪ ಇರುವವರು, ಅದೇ ಜಾಗದಲ್ಲಿ ಮೊದಲೇ ಹರ್ನಿಯಾ ಆಪರೇಷನ್ ಆಗಿರುವವರಿಗೆ ಬೇರೆ ಅರಿವಳಿಕೆ ಉತ್ತಮ. ಅದು ಸೋಲಲ್ಲ. ಕೊಯ್ಯದೆಯೇ, ಕುತ್ತಿಗೆ ಅಥವಾ ತೊಡೆಯ ಅಭಿಧಮನಿಯಿಂದ ತೆಳು ಕೊಳವೆ ತೂರಿಸಿ ಒಳಗಿಂದ ನಾಳ ಮುಚ್ಚುವ ಎಂಬೊಲೈಸೇಶನ್ ಕೂಡ ಇದೆ. ಅದನ್ನು ಮಾಡುವವರು ರೇಡಿಯಾಲಜಿಸ್ಟ್.

## ಆ ದಿನ

ಆ ಜಾಗಕ್ಕಷ್ಟೇ ಇಂಜೆಕ್ಷನ್ ಆದರೂ ಖಾಲಿ ಹೊಟ್ಟೆಯಲ್ಲಿ ಬರಲು ಹೇಳುವುದೇ ಹೆಚ್ಚು. ನಡುವೆ ಬೇರೆ ಅರಿವಳಿಕೆ ಬೇಕಾದರೆ ಇರಲಿ ಅಂತ. ಮನೆಯಲ್ಲೇ ರೇಜರ್ ಹಾಕಿಕೊಂಡು ಬರಬೇಡಿ, ಸಣ್ಣ ಗಾಯವಾದರೂ ಸೋಂಕಿಗೆ ದಾರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವಾರ ಮೊದಲೇ ಹೇಳಬೇಕು. ಒಂದು ಬದಿಗೆ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಮುಗಿದ ಮೇಲೆ ಒಂದೆರಡು ಗಂಟೆ ಮಲಗಿಸಿ, ರಕ್ತಸ್ರಾವ ಇಲ್ಲ, ಮೂತ್ರ ಹೋಯಿತು, ಎದ್ದು ನಡೆದರೆ ತಲೆಸುತ್ತಿಲ್ಲ ಅಂತ ಖಚಿತವಾದ ಮೇಲೆ ಬಿಡುತ್ತಾರೆ. ಬೈಕ್ ನೀವೇ ಓಡಿಸಿಕೊಂಡು ಹೋಗುವ ಹಾಗಿಲ್ಲ. ಜೊತೆಗೊಬ್ಬರು ಇರಲಿ.

ವಿಮೆ ಇದ್ದವರಿಗೆ ಒಂದು ಮಾತು. ಸಂಜೆಗೆ ಮನೆಗೆ ಹೋದರೆ ವಿಮೆ ಸಿಗುವುದಿಲ್ಲ ಅಂದುಕೊಳ್ಳಬೇಡಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಐಆರ್‌ಡಿಎಐ ವ್ಯಾಖ್ಯೆಯಲ್ಲಿ ಡೇ ಕೇರ್ ಅಂತ ಒಂದು ವರ್ಗವಿದೆ. ಹಿಂದೆ 24 ಗಂಟೆಗಿಂತ ಹೆಚ್ಚು ದಾಖಲಾಗಬೇಕಿದ್ದ, ತಂತ್ರಜ್ಞಾನ ಸುಧಾರಿಸಿದ್ದರಿಂದ ಈಗ ಅದಕ್ಕಿಂತ ಕಡಿಮೆ ಸಮಯದಲ್ಲಿ ಮುಗಿಯುವ ಚಿಕಿತ್ಸೆ ಅದು. ಸ್ಥಳೀಯ ಅರಿವಳಿಕೆಯ, ಅಂದರೆ ಆ ಜಾಗಕ್ಕಷ್ಟೇ ಕೊಡುವ ಇಂಜೆಕ್ಷನ್ನಿನ, ಹೆಸರೂ ಆ ವ್ಯಾಖ್ಯೆಯಲ್ಲೇ ಇದೆ. ಆದರೆ ಮಾಮೂಲಿ ಓಪಿಡಿ ಚಿಕಿತ್ಸೆ ಅದರಲ್ಲಿ ಸೇರುವುದಿಲ್ಲ. ಬಂಜೆತನದ ಚಿಕಿತ್ಸೆಯನ್ನು ಹೊರಗಿಡುವ ಷರತ್ತೂ ಪಾಲಿಸಿಗಳಲ್ಲಿ ಸಾಮಾನ್ಯ. ಹಾಗಾಗಿ ದಿನ ಗೊತ್ತುಮಾಡುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.

## ಮನೆಗೆ ಬಂದ ಮೇಲೆ

ಇಂಜೆಕ್ಷನ್ ಇಳಿದ ಮೇಲೆ ನೋವು ಬರುತ್ತದೆ. ಬರೆದುಕೊಟ್ಟ ಮಾತ್ರೆಯನ್ನು ನೋವು ಏರುವ ಮೊದಲೇ ನುಂಗುವುದು ಜಾಣತನ. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ತೆಗೆಯಿರಿ, ಮತ್ತೆ ಇಡಿ. ಬಿಗಿಯಾದ ಒಳಚಡ್ಡಿ ಹಗಲೂ ರಾತ್ರಿ ಇರಲಿ. ಚೀಲದ ಚರ್ಮ ಸ್ವಲ್ಪ ನೀಲಿಗಟ್ಟುವುದು, ಊದುವುದು ಮಾಮೂಲು. ಕುಳಿತು ಮಾಡುವ ಕೆಲಸಕ್ಕೆ ಕೆಲವೇ ದಿನಗಳಲ್ಲಿ ಹೋಗಬಹುದು. ಮೂಟೆ ಎತ್ತುವುದು, ಜಿಮ್, ಓಟ, ಸೈಕಲ್‌ಗೆ 3ರಿಂದ 4 ವಾರ ಬಿಡುವು. ಮಲಬದ್ಧತೆ ಆಗದ ಹಾಗೆ ಊಟ ನೋಡಿಕೊಳ್ಳಿ, ಮುಕ್ಕಿದರೆ ಹೊಲಿಗೆಗೆ ಒತ್ತಡ.

ಜ್ವರ, ಗಾಯದಲ್ಲಿ ಕೀವು, ಗಂಟೆ ಗಂಟೆಗೂ ಬೆಳೆಯುವ ಊತ, ಮೂತ್ರ ಕಟ್ಟಿಕೊಳ್ಳುವುದು, ಮಾತ್ರೆಗೂ ಬಗ್ಗದ ನೋವು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ.

## ಮೂರು ತಿಂಗಳ ಲೆಕ್ಕ

ಮಗುವಿಗಾಗಿ ಆಪರೇಷನ್ ಮಾಡಿಸಿಕೊಂಡವರು ಮುಂದಿನ ತಿಂಗಳೇ ಲ್ಯಾಬಿಗೆ ಓಡುತ್ತಾರೆ. ಹಳೆಯ ಅಂಕಿಯೇ ಬಂದರೆ ಎದೆಗುಂದುತ್ತಾರೆ. ಆ ನೋವು ಅನಗತ್ಯ. ಒಂದು ವೀರ್ಯಾಣು ಮೊದಲ ಕೋಶದಿಂದ ಪೂರ್ತಿ ರೂಪ ಪಡೆಯಲು ಸುಮಾರು 74 ದಿನ ಬೇಕು. ಆಮೇಲೆ ನಾಳದಲ್ಲಿ ಸಾಗಿ ಹೊರಬರಲು ಇನ್ನಷ್ಟು ದಿನ. ಒಂದು ತಿಂಗಳಿಗೆ ಪರೀಕ್ಷೆಗೆ ಕೊಟ್ಟ ವೀರ್ಯದಲ್ಲಿರುವುದು ಆಪರೇಷನ್‌ಗೆ ಮೊದಲೇ ಬಿತ್ತಿದ ಬೆಳೆ.

ಹಾಗಾಗಿ ಮೊದಲ ಪರೀಕ್ಷೆ ಮೂರು ತಿಂಗಳಿಗೆ, ಇನ್ನೊಂದು ಆರು ತಿಂಗಳಿಗೆ. ಪ್ರತಿ ಸಲವೂ 2ರಿಂದ 7 ದಿನ ಸ್ಖಲನವಿಲ್ಲದೆ, ಆದಷ್ಟು ಅದೇ ಲ್ಯಾಬಿನಲ್ಲಿ ಕೊಡಿ. ಆಪರೇಷನ್ ಆದ 10 ಜನರಲ್ಲಿ ಸುಮಾರು 6ರಿಂದ 7 ಜನರ ವೀರ್ಯದ ಗುಣ ಸುಧಾರಿಸುತ್ತದೆ. ಅಷ್ಟೂ ಜನರಿಗೆ ಮಗುವಾಗುತ್ತದೆ ಅಂತಲ್ಲ. ಹೆಂಡತಿಯ ವಯಸ್ಸು 35 ದಾಟಿದ್ದರೆ ಈ ತಿಂಗಳುಗಳು ಇನ್ನೂ ಬೆಲೆಯುಳ್ಳವು. ಆಗ ಕಾಯುವುದೋ, ಐವಿಎಫ್ ಕಡೆ ಹೋಗುವುದೋ ಅನ್ನುವ ಮಾತನ್ನು ಆಪರೇಷನ್‌ಗೆ ಮೊದಲೇ, ಇಬ್ಬರೂ ಒಟ್ಟಿಗೆ ಡಾಕ್ಟರ ಮುಂದೆ ಕುಳಿತು ಆಡಿಕೊಳ್ಳಬೇಕು.